ಯಾರ್ದಪ್ಪಾ ಇದು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದಿನ ಗೇಟಿನಲ್ಲಿ
ಪಿಳ್ಳಮುನಿಯಪ್ಪನಿಗೆ ಒಂದೇ ಕೆಲಸ.
ಹೊರಗೆ ಹೋಗುವ ಪ್ರತಿ ಚೀಲಕ್ಕೂ ಕೈ ಅಡ್ಡ ಇಟ್ಟು
"ಯಾರ್ದಪ್ಪಾ ಇದು?" ಅನ್ನುವುದು.
ಚೀಟಿ ತೋರಿಸಬೇಕು, ತೂಕದವನ ಸೀಲು ಇರಬೇಕು.
ಇಪ್ಪತ್ತೆರಡು ವರ್ಷದಿಂದ ಇಲ್ಲೇ ಗೂಡು ಕೊಳ್ಳುವ ಖಲಂದರ್ ಸಾಬರಿಗೂ,
ಬೆಳಿಗ್ಗೆ ತಾನೇ ಇಬ್ಬರೂ ಒಂದು ಟೀ ಬೈಟು ಮಾಡಿದ್ದರೂ,
ಅದೇ ಪ್ರಶ್ನೆ, ಅದೇ ಗಡಸು ದನಿ.

ಸಾಬರ ಫಿಲೇಚರಿನ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ.
ಕೆಳಗೆ ಹುಳ ಬೇಯುವ ವಾಸನೆ.
ಮೇಲೆ ನನ್ನ ಕೆಲಸ: ದೇಶದೇಶದವರು ದುಡ್ಡು ಸುರಿದ
ಒಪ್ಪಂದಗಳ ಕೋಡ್ ಓದುವುದು.
ಅಲ್ಲಿ ಬ್ಯಾಂಕಿಲ್ಲ, ಕ್ಯಾಷಿಯರ್ ಇಲ್ಲ, ಊಟದ ಬಿಡುವಿಲ್ಲ.
ಬರೆದ ಸಾಲೇ ತಿಜೋರಿ, ಬರೆದ ಸಾಲೇ ಕಾವಲು.
ಒಮ್ಮೆ ಬಿಟ್ಟುಕೊಟ್ಟರೆ ಬರೆದವನೂ ತಿದ್ದಲಾರ.

ಮೊನ್ನೆ ರಾತ್ರಿ ಎರಡೂ ನಲವತ್ತಕ್ಕೆ
ಇನ್ನೂರ ಹದಿನೆಂಟನೇ ಸಾಲು.
ಒಡೆತನ ಬದಲಿಸುವ ಜಾಗ.
ಅದರ ನೆತ್ತಿಯ ಮೇಲೆ ಇರಬೇಕಾದ ಒಂದು ಪದ ಇರಲಿಲ್ಲ,
ಕರೆಯುತ್ತಿರುವವನು ಯಾರು ಎಂದು ಕೇಳುವ ಪದ.
ನಾಳೆ ಸೇರಿಸೋಣ ಅಂದುಕೊಂಡನೇನೋ ಬರೆದ ಹುಡುಗ,
ಯಾರಾದರೂ ಊಟಕ್ಕೆ ಕರೆದರೇನೋ.
ಈಗ ಯಾರು ಬೇಕಾದರೂ ಬಂದು
"ಇನ್ನು ನಾನೇ ಯಜಮಾನ" ಅಂದರೆ
"ಆಯಿತು ಯಜಮಾನರೇ" ಅನ್ನುತ್ತದೆ.
ಅಷ್ಟು ಮರ್ಯಾದಸ್ಥ ಯಂತ್ರ.

ಕನ್ನಡಕ ಒರೆಸಿ ಮತ್ತೆ ಓದಿದೆ.
ಪತಂಗ ಕೊರೆದ ಗೂಡು ನೋಡಿದ್ದೀರಾ?
ಬಿಳುಪು, ಗಟ್ಟಿ, ಒಂದು ಕಡೆ ಕಾಳಿನಷ್ಟು ತೂತು.
ಸಾವಿರ ಮೀಟರಿನ ಒಂದೇ ಎಳೆ ಅಲ್ಲಿ ನೂರು ತುಂಡು.
ಸಾಬರು ಅಂಥದ್ದನ್ನು ಬೆಳಕಿಗೂ ಹಿಡಿಯುವುದಿಲ್ಲ,
ಬೆರಳಲ್ಲೇ ಗೊತ್ತಾಗಿ ಪಕ್ಕದ ಮಂಕರಿಗೆ ಎಸೆಯುತ್ತಾರೆ.
ಇದನ್ನು ನಾನು ಎಲ್ಲಿಗೆ ಎಸೆಯಲಿ?
ಒಳಗೆ ಮೂರೂವರೆ ಸಾವಿರ ಜನರ ದುಡ್ಡು.
ಸಾಬರ ತಂಗಿಯ ಮಗ ಅಫ್ರೋಜನ ಎಂಟು ಸಾವಿರವೂ.
ಹಾಕಿದ ಮೇಲೆ ಅವನು ಕೇಳಿದ್ದು:
"ಅಕ್ಕಾ, ಒಂದ್ಸಲ ನೋಡಿ."

ಕಟ್ಟಿದವರಿಗೆ ಬರೆದೆ. ಅವರ ಊರಲ್ಲಿ ಆಗ ಎಷ್ಟು ಹೊತ್ತೋ.
ಬೀದಿಯಲ್ಲಿ ಕೂಗುವಂತಿಲ್ಲ,
ಮೊದಲು ಕಿವಿಗೊಡುವವನು ಕಳ್ಳನೇ.
ಇನ್ನೊಂದು ದಾರಿಯಿತ್ತು.
ನಾನೇ ಹೋಗಿ, ನಾನೇ ಯಜಮಾನಿಯಾಗಿ,
ಎಲ್ಲವನ್ನೂ ಬಾಚಿ ಮಡಿಲಲ್ಲಿ ಕಟ್ಟಿಕೊಂಡು
ಬೆಳಗಾದ ಮೇಲೆ ಒಬ್ಬೊಬ್ಬರಿಗೂ ಎಣಿಸಿ ಕೊಡುವುದು.
ಬೆರಳು ಎಂಟರಿನ ಮೇಲಿತ್ತು.
ಆಗ ಕಿವಿಯೊಳಗೆ ಪಿಳ್ಳಮುನಿಯಪ್ಪ:
"ಯಾರ್ದಮ್ಮಾ ಇದು?"
ನನ್ನದಲ್ಲ, ಅಂದೆ.
ಬೆರಳು ತೆಗೆದೆ.
ಇನ್ನೊಂದು ಪತ್ರ ಬರೆದೆ, ಬಹಳ ವಿನಯದಿಂದ,
"ತಮ್ಮ ಅನುಮತಿಯಿದ್ದರೆ" ಎಂದು ಶುರುಮಾಡಿ.

ಮೂರೂ ಐವತ್ತೆರಡಕ್ಕೆ ಯಾರೋ ಬಂದರು.
ಹೆಸರಿಲ್ಲ. ಸೊನ್ನೆಯಿಂದ ಶುರುವಾಗುವ ನಲವತ್ತೆರಡು ಅಕ್ಷರ.
ಬೀಗ ಮುರಿಯಲಿಲ್ಲ, ನಾಯಿ ಬೊಗಳಲಿಲ್ಲ.
ಕೇಳಿದರು. ಕೊಟ್ಟಿತು.
ಹನ್ನೊಂದು ನಿಮಿಷ.
ಎಲ್ಲರಿಗೂ ಕಾಣುವ ಲೆಕ್ಕದ ಪುಸ್ತಕದಲ್ಲಿ
ಒಂದೊಂದೇ ಸಾಲು ಮೂಡುವುದನ್ನು ನೋಡುತ್ತಾ ಕೂತೆ.
ಯಾರನ್ನೂ ಏನೂ ಕೇಳದ ಬಾಗಿಲ ಮುಂದೆ
ಒಪ್ಪಿಗೆ ಕೇಳುತ್ತಾ ನಿಂತವಳು
ನಾನೊಬ್ಬಳೇ.

ಬೆಳಿಗ್ಗೆ ಅಫ್ರೋಜ್ ಒಲೆಗೆ ಹೊಟ್ಟು ತುಂಬುತ್ತಿದ್ದ.
"ಪಾಸ್‌ವರ್ಡ್ ಕದ್ರಾ ಅಕ್ಕಾ?" ಇಲ್ಲ.
"ಬೀಗ ಒಡೆದ್ರಾ?" ಇರಲೇ ಇಲ್ಲ.
"ಮತ್ತೆ ನಿಮಗೂ ತೆರೆದಿತ್ತಲ್ಲ?"
ಹೂಂ.
ಅವನು ಮುಂದಕ್ಕೆ ಕೇಳಲಿಲ್ಲ. ಕುದಿವ ನೀರಿಗೆ ಗೂಡು ಸುರಿದು
ಬ್ರಷ್ಷಿನಲ್ಲಿ ಎಳೆಯ ತುದಿ ಹುಡುಕತೊಡಗಿದ.

ಮಧ್ಯಾಹ್ನ, ಸಾಬರು ಮರೆತು ಬಂದಿದ್ದ ಖಾಲಿ ಚೀಲ ತರಲು
ಮಾರ್ಕೆಟ್ಟಿಗೆ ನಾನೇ ಹೋದೆ.
ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಡುವಾಗ
ಕೈ ಅಡ್ಡ ಬಂತು.
ಖಾಲಿ ಚೀಲ, ತಾತ.
"ಕಾಣ್ತದೆ. ಯಾರ್ದು ಅಂತ ಕೇಳಿದ್ದು."