ಹನ್ನೊಂದು ದಿನ

ಮುಂಬಯಿಯಿಂದ ಬಂದ ಲಕೋಟೆಯಲ್ಲಿ
ಒಂದೇ ಹಾಳೆ, ಅದೂ ಮಾಸಿದ ಜೆರಾಕ್ಸ್.
ಬಾಬುಲ್ ಮಸೂದ್, ಆಗ್‌ವಾಲಾ, ಊರು ಕಾರ್ವಾ.

ನಮ್ಮ ಪಣಜೊ ಬಾಬ್ಳೊ ಮಾಸು ತಾಂಡೇಲ,
ಆರ್ಗಾದ ಖಾರ್ವಿ, ಬಲೆ ಬಿಟ್ಟು ಬಾಯ್ಲರಿಗೆ ಕಲ್ಲಿದ್ದಲು ಸುರಿಯಲು ಹೋದವ.
ಯಾವನೋ ಗುಮಾಸ್ತನ ಕಿವಿ ಅವನ ಮತ ಬದಲಿಸಿತ್ತು,
ಊರಿನ ಬಾಲವನ್ನೂ ಕತ್ತರಿಸಿತ್ತು.
ಇವನೇ ಎಂದು ಹಿಡಿದದ್ದು ಹೆಬ್ಬೆಟ್ಟಿನಿಂದ:
ಗೆರೆಗಳ ನಡುವೆ ಅಡ್ಡ ಗಾಯ.
ತೊರಕೆ ಮೀನಿನ ಮುಳ್ಳು ಹೊಕ್ಕ ಕಥೆ
ಮನೆಯಲ್ಲಿ ಎಲ್ಲರಿಗೂ ಗೊತ್ತು.

ಹಡಗು ಒಡೆದದ್ದು ನಲವತ್ತೆರಡರಲ್ಲಿ, ಏಡನ್ನಿನ ಈಚೆ.
ಅದು ಸರಿ.
ತೆಪ್ಪದ ಮೇಲೆ ಏಳು ಜನ. ಅದೂ ಸರಿ.
ದಿನ: ನಾಲ್ಕು.

ನಾಲ್ಕೇ?
ನಾವು ಹನ್ನೊಂದು ಎಂದು ಕೇಳಿ ಬೆಳೆದವರು.
ಹನ್ನೊಂದು ದಿನ ತಲೆ ಮೇಲೆ ಬಿಸಿಲು,
ಒಂದು ಡಬ್ಬಿ ಬಿಸ್ಕೀಟು, ಸುತ್ತ ಕುಡಿಯಲಾಗದ ನೀರು.
ಈ ಹನ್ನೊಂದರ ಮೇಲೆ ಭಾಷಣ ಮಾಡಿ
ಏಳನೇ ಇಯತ್ತೆಯಲ್ಲಿ ನಾನು ಸ್ಟೀಲಿನ ಬಟ್ಟಲು ಗೆದ್ದದ್ದಿದೆ.

ಊರ ಚರಿತ್ರೆ ಬರೆಸುತ್ತಿರುವ ಪೆಡ್ನೇಕರ ಮಾಸ್ತರು
ಕನ್ನಡಕ ಒರೆಸಿ ಹೇಳಿದರು:
ಬಾಯಿಮಾತು ಬಲೆ ಇದ್ದ ಹಾಗೆ ತಂಗಿ,
ಒದ್ದೆಯಾದಷ್ಟೂ ಭಾರ. ಕಾಗದದಲ್ಲಿದ್ದದ್ದು ಹಾಕು.

ಕಾಗದ ಹಿಡಿದು ತೋಡೂರಿಗೆ ಹೋದೆ.
ಆರ್ಗಾದ ಮನೆ ಈಗ ನೌಕಾನೆಲೆಯ ಬೇಲಿಯೊಳಗೆ,
ಪಾಸಿಲ್ಲದೆ ನಮ್ಮ ಬಾವಿಯನ್ನೂ ಇಣುಕುವಂತಿಲ್ಲ.
ಅಜ್ಜನ ತಂಗಿ ಶೇವಂತಾಯಿ ಕಾಲೊನಿಯ ಜಗಲಿಯಲ್ಲಿ
ಸೀಗಡಿ ಸುಲಿಯುತ್ತ ಕೂತಿದ್ದಳು.
ನಾಲ್ಕಂತೆ ಆಯಿ, ಎಂದೆ.
ಅವಳು ತಲೆ ಎತ್ತಲಿಲ್ಲ.
ಟ್ರಂಕಿನ ತಳದಲ್ಲಿ ಎರಡು ತಾರು ಇವೆ, ನೋಡು.

ಅಕ್ಟೋಬರ್ ಮೂರು: ಕಾಣೆಯಾಗಿದ್ದಾನೆ, ಸತ್ತಿರಬೇಕು.
ಅಕ್ಟೋಬರ್ ಹದಿನಾಲ್ಕು: ಬದುಕಿದ್ದಾನೆ, ಏಡನ್ ಆಸ್ಪತ್ರೆ.

ಬೆರಳು ಮಡಿಸಿ ಎಣಿಸಿದೆ.
ಮತ್ತೆ ಎಣಿಸಿದೆ.
ಹಾಗಾದರೆ ಹನ್ನೊಂದು ದಿನ ತೇಲಿದ್ದು
ಆವಡು ಪಣಜಿ.

ಬಳೆ ಒಡೆದದ್ದು ಬಾವಿಕಟ್ಟೆಯಲ್ಲಿ, ಮೂರರ ಸಂಜೆಯೇ.
ಏಳು ವರ್ಷದ ಶೇವಂತಿ ಹಸಿರು ಚೂರು ಹೆಕ್ಕಿ
ಲಂಗದ ತುದಿಗೆ ಕಟ್ಟಿಕೊಂಡಳಂತೆ,
ಆಟಕ್ಕಾಗುತ್ತದೆ ಎಂದು.
ಹತ್ತನೇ ದಿನ ಕಾಗೆ ಅನ್ನ ಮುಟ್ಟಲಿಲ್ಲ.
ಏನೋ ಆಸೆ ಉಳಿದಿದೆ ಅವನಿಗೆ, ಅಂದರು ಹಿರಿಯರು.
ಉಳಿದಿತ್ತು. ಜೀವ.

ಅವನು ಮರಳಿದ್ದು ಹೋಳಿಯ ಹೊತ್ತಿಗೆ,
ಯಾರದೋ ದೊಡ್ಡ ಬೂಟು ಹಾಕಿಕೊಂಡು.
ಬಳೆಗಾರ್ತಿಯನ್ನು ಕರೆಸಿದರು.
ಪಣಜಿ ಬಲಗೈ ಚಾಚಿದಳು.
ಎಡಗೈ ಕೊಡಲಿಲ್ಲ. ಆಗಲೂ, ಆಮೇಲೂ.

ನಮ್ಮಲ್ಲಿರುವ ಒಂದೇ ಫೋಟೊದಲ್ಲಿ ಆ ಮಣಿಕಟ್ಟು ಬರಿದು.
ಮೀನು ಹೆಚ್ಚುವಾಗ ಅಡ್ಡ ಬರುತ್ತದೆಂದು ತೆಗೆದಿರಬೇಕು,
ಹಾಗಂದುಕೊಂಡೇ ಮೂರು ತಲೆಮಾರು
ಅದರ ಗಾಜು ಒರೆಸಿತ್ತು.

ಮಾಸ್ತರರ ಹಾಳೆಯಲ್ಲಿ ಗೆರೆ ಹೊಡೆದ ಮನೆಗಳು:
ಹೆಸರು, ಹಡಗು, ಕೆಲಸ, ದಿನ.
ಬಾಬ್ಳೊ ಮಾಸು ತಾಂಡೇಲ. ನಾಲ್ಕು ಎಂದೇ ಬರೆದೆ.
ಕೆಳಗಿನ ಸಾಲಿನಲ್ಲಿ ಆವಡು ಬಾಬ್ಳೊ ತಾಂಡೇಲ, ಹನ್ನೊಂದು.
ಹಡಗಿನ ಮನೆಗೆ ಏನು ತುಂಬುವುದೋ ತಿಳಿಯದೆ
ಪೆನ್ನು ಅಲ್ಲೇ ಶಾಯಿ ಕಾರುತ್ತಿದೆ.

ಜಗಲಿಯಲ್ಲಿ ಶೇವಂತಾಯಿ ಮರಿಮೊಮ್ಮಗನಿಗೆ ಹೇಳುತ್ತಿದ್ದಾಳೆ,
ಹನ್ನೊಂದು ದಿನ ಮಗಾ, ನೀರಿಲ್ಲ, ನಿದ್ದೆಯಿಲ್ಲ.
ಶಾರ್ಕು ಬಂತಾ?
ಬಂತು, ಅನ್ನುತ್ತಾಳೆ.

ನಿನ್ನೆಯವರೆಗೆ ಬಂದಿರಲಿಲ್ಲ.