ಎರಡು ಗಂಟೆಯ ಬೆಳಗು

ಹೊಟ್ಟಿನ ರಾಶಿಯ ಹಿಂದೆ ಕಾವಿಗೆ ಕೂತಿತ್ತು ಹ್ಯಾಟೆ.
ಭತ್ತದ ಲಾರಿ ಹಿಂದಕ್ಕೆ ಬರುವಾಗ
ಕ್ಲೀನರ್ ಹುಡುಗ "ಬರ್ಲಿ, ಬರ್ಲಿ" ಅನ್ನುತ್ತಲೇ ಇದ್ದ.

ಒಂಬತ್ತರಲ್ಲಿ ಎಂಟು ಅಲ್ಲೇ ಮುಗಿದವು.
ಒಂದು ಮಾತ್ರ ಉರುಳಿ ಉರುಳಿ
ಭಟ್ಟಿಯ ಬೆಚ್ಚನೆ ಬೂದಿಯಲ್ಲಿ ನಿಂತು
ಮಾರನೆಯ ದಿನ ಒಳಗಿನಿಂದ ತಟ್ಟಿತು.
ಜರಡಿ ನಿಲ್ಲಿಸಿ ಕಿವಿಗೊಟ್ಟೆ.
"ಸಾಬಣ್ಣ, ಮಂಡಕ್ಕಿ ಹೊತ್ತತೈತಿ!" ಅಂತ ದುರುಗಪ್ಪ ಕೂಗಿದ.
ಹೊತ್ತಲಿ ಅಂದೆ.

ಬೀಡಿ ಕಟ್ಟು ತೆಗೆದು
ಅದೇ ಜೇಬಿನಲ್ಲಿ ಮನೆಗೆ ತಂದೆ.
ಎಣ್ಣೆ ಡಬ್ಬಿ ಅರ್ಧ ಕೊಯ್ದು, ಹೊಟ್ಟು ಹಾಸಿ,
ಮೇಲೊಂದು ನಲವತ್ತರ ಬಲ್ಬು.
ಸೋಡಾ ಬಾಟಲಿಯ ಮುಚ್ಚಳಕ್ಕೆ ನೀರು,
ನೀರಿನಲ್ಲಿ ಎರಡು ಬೆಣಚುಕಲ್ಲು,
ಕುಡಿಯಲು ಬಗ್ಗಿ ಮುಳುಗದಿರಲಿ ಅಂತ.

ತಿನ್ನುವುದು ಅದಕ್ಕೆ ತಿಳಿಯದು.
ನುಚ್ಚಿನ ಮೇಲೆ ಉಗುರಿನಿಂದ ಟಕಟಕ ಅಂದೆ.
ನುಚ್ಚು ಬಿಟ್ಟು ಉಗುರನ್ನೇ ಕುಕ್ಕಿತು.
ಉಗುರಿಗೆ ನುಚ್ಚು ಅಂಟಿಸಿದೆ.

ನಾನು ರಾತ್ರಿ ಎರಡಕ್ಕೆ ಎದ್ದು ಭಟ್ಟಿಗೆ ಹೋಗುವವನು,
ಮಾಬುನ್ನಿ ಆರಕ್ಕೆ ಹಾಸ್ಟೆಲಿನ ರೊಟ್ಟಿ ಬಡಿಯಲು.
ಅವಳು ಬರುವಾಗ ನನಗೆ ಅರ್ಧ ನಿದ್ದೆ,
ನಾನು ಏಳುವಾಗ ಅವಳಿಗೆ ಪೂರ್ತಿ.
ನಾನು ವಾಪಸ್ಸು ಬರುವ ಹನ್ನೊಂದರವರೆಗೆ
ಮರಿಗೆ ಯಾರೂ ಇಲ್ಲ.
ಒಂಟಿ ಅಂದರೆ ಚೀರುತ್ತದೆ, ಓಣಿಗೆಲ್ಲ ಕೇಳುವಂತೆ.
ಮಾಬುನ್ನಿ ತನ್ನ ಕನ್ನಡಿ ಕಿತ್ತು ಡಬ್ಬಿಯೊಳಗೆ ನಿಲ್ಲಿಸಿದಳು.
ಅಲ್ಲೊಂದು ಮರಿ ಇತ್ತು.
ಅದಕ್ಕೆ ಒರಗಿ ಇದು ಮಲಗಿತು.
ಒಂದೂವರೆ ತಿಂಗಳು ಅವಳು ಬೈತಲೆಯನ್ನು
ಬೆರಳಿನ ಅಂದಾಜಿನಲ್ಲೇ ತೆಗೆದಳು.

ಕ್ಯಾಲೆಂಡರಿನಲ್ಲಿ, ಸಿಲಿಂಡರ್ ಬಂದ ತಾರೀಖಿನ ಪಕ್ಕ,
ಅವಳ ಸೊಟ್ಟ ಅಕ್ಷರ:
"ಹಿಂದೆ ಅಂಟಿತ್ತು. ಬಿಸಿನೀರಲ್ಲಿ ಒರ್ಸೀನಿ."
ಕೆಳಗೆ ನಾನು:
"ಕರೆಂಟ್ ಹೋಗಿತ್ತು. ಎದೆ ಮೇಲೆ ಮಲಗಿಸ್ಕಂಡೆ."
ಮದುವೆಯಾಗಿ ಇಪ್ಪತ್ತಾರು ವರ್ಷ.
ಇವೇ ನಮ್ಮ ಮೊದಲ ಕಾಗದಗಳು.

ಹಳದಿ ಹುಟ್ಟಿದ್ದು ವಾರದೊಳಗೆ
ಭಟ್ಟಿ ಓಣಿಯ ಬಣ್ಣಕ್ಕೆ ಬಂತು.
ದಾವಣಗೆರೆಯ ಈ ಮೂಲೆಯಲ್ಲಿ
ಒಣಹಾಕಿದ ಬಿಳಿ ಅಂಗಿಗೂ ಅಷ್ಟೇ ಗಡುವು.

ರೆಕ್ಕೆ ಮೂಡಿದ ಮೇಲೆ ಮಾಳಿಗೆಗೆ ಬಿಟ್ಟೆ.
ಕೆದರುವುದು ತಾನೇ ಕಲಿಯಿತು,
ಧೂಳಿನಲ್ಲಿ ಹೊರಳುವುದೂ.
ಆದರೆ ಹದ್ದು?
ಆಕಾಶದ ವಿಷಯ ಅದಕ್ಕೆ ಯಾರು ಹೇಳಬೇಕು?
ಹ್ಯಾಟೆ ಕೊರಳಲ್ಲಿ ತೆಗೆಯುತ್ತಿದ್ದ ಆ ಸದ್ದು,
ಕಿರ್ರ್ ಅನ್ನುವುದು, ನೆನಪು ಮಾಡಿಕೊಂಡು
ಐವತ್ತು ದಾಟಿದವನು ಮಾಳಿಗೆ ಮೇಲೆ ನಿಂತು
ಹೊಗೆ ಕುಡಿದ ಗಂಟಲಲ್ಲಿ ಕೂಗಿದೆ.
ಕೆಮ್ಮು ಬಂತು.
ಮರುದಿನ ಮತ್ತೆ ಕೂಗಿದೆ.
ನಾಲ್ಕನೇ ದಿನ ಓಡಿ ಬಂದು
ನನ್ನ ಲುಂಗಿಯ ಕೆಳಗೆ ನುಗ್ಗಿ ನಡುಗಿತು.
ತಲೆ ಎತ್ತಿ ನೋಡಿದರೆ ಮೇಲಿದ್ದದ್ದು
ಯಾವುದೋ ಹುಡುಗನ ಗಾಳಿಪಟ.
ಇರಲಿ. ಅದಕ್ಕೂ ನನಗೂ ಗೊತ್ತಿದ್ದದ್ದು ಅಷ್ಟೇ.

ಹುಂಜವಾಯಿತು.
ಮೊದಲ ಸಲ ಕೂಗಿದ್ದು ಕತ್ತಲಲ್ಲಿ,
ನಾನು ಭಟ್ಟಿಗೆ ಹೊರಡಲು ಸ್ವಿಚ್ಚು ಒತ್ತಿದ ಗಳಿಗೆಗೆ.
ಆವತ್ತಿನಿಂದ ದಿನಾ ಎರಡಕ್ಕೆ.
"ಏನ್ ಸಾಬ್ರೆ, ನಡುರಾತ್ರಿ ಕೂಗ್ತತಲ್ರಿ?"
ಮನೆ ಮಾಲೀಕರು ಓಂಕಾರಪ್ಪನವರು
ಕೆಳಗಿನಿಂದ ಟಾರ್ಚು ಬಿಟ್ಟರು.
ಏನು ಹೇಳಲಿ?
ನಲವತ್ತರ ಬಲ್ಬನ್ನು ಸೂರ್ಯ ಅಂತ ತೋರಿಸಿದವನು ನಾನೇ.
ಸೂರ್ಯ ಬರುವ ಹೊತ್ತಿಗೆ
ನಾಲ್ಕು ಚೀಲ ಮಂಡಕ್ಕಿ ಹುರಿದು
ಬೆವರು ಒರೆಸಿಕೊಳ್ಳುತ್ತಿರುವವನ ಮನೆಯಲ್ಲಿ
ಬೇರೆ ಬೆಳಗು ಅದಕ್ಕೆ ಎಲ್ಲಿಂದ ಬರಬೇಕು?

"ಈ ವಾರ ನೋಡಾನ" ಅಂದರು ಓಂಕಾರಪ್ಪ.
ಮೂರು ವಾರವಾಯಿತು, ಇನ್ನೂ ನೋಡುತ್ತಿದ್ದಾರೆ.

ಕನ್ನಡಿ ಮತ್ತೆ ಗೋಡೆಗೆ ಹೋಗಿದೆ,
ಕೆಳಗಿನ ಮೂಲೆಯಲ್ಲಿ ಕುಕ್ಕಿದ ಗೀರು.
ಹುಂಜದ ಕೂಗಿಗೆ ಮಾಬುನ್ನಿಗೂ ಎಚ್ಚರ,
ಶಾಪ ಹಾಕುತ್ತಾ ಎದ್ದು ಒಲೆ ಹಚ್ಚುತ್ತಾಳೆ.
ಚಾ ಕುದಿಯುವವರೆಗೆ ಇಬ್ಬರೂ ಕೂತಿರುತ್ತೇವೆ.
"ಕಾಳು ಹಾಕಿದ್ಯಾ?" ಅಂತೀನಿ.
"ಕ್ಯಾಲೆಂಡರ್ ನೋಡು" ಅಂತಾಳೆ,
ಎದುರಿಗೇ ಕೂತು.