ಮೂರು ಗಂಟೆಯ ಸಾಲು

ಬಿಲ್ಮಾದ ಹವಾಮಾನ ಠಾಣೆಯಲ್ಲಿ ಇರುವವನು ನಾನೊಬ್ಬ,
ಮಾಯ್ನಾ ಬುಕಾರ್. ದಿನಕ್ಕೆ ಐದು ಸಲ
ಬಿಸಿಲಿನ ಲೆಕ್ಕ ಬರೆಯುವ ಕೆಲಸ.
ಹನ್ನೊಂದು ವರ್ಷ ಗೆರೆ ಹಾಕಿದ ಪುಸ್ತಕ, ಸೀಸದಕಡ್ಡಿ.
ಹೋದ ವರ್ಷ ನಿಯಾಮೆಯಿಂದ
ಸಜ್ಜೆಮೂಟೆಗಳ ನಡುವೆ ಲಾರಿಯಲ್ಲಿ ಕೂತು
ಬಂತು ಲ್ಯಾಪ್‌ಟಾಪು.

ಬಿಸಿಲನ್ನು ಎಣಿಸಲೆಂದು ಕಳಿಸಿದ ಯಂತ್ರ.
ಬಿಸಿಲೇ ಆಗಿಬರುವುದಿಲ್ಲ ಅದಕ್ಕೆ.
ಹತ್ತಕ್ಕೆ ಗುಂಯ್ ಅನ್ನಲು ಶುರು,
ಹನ್ನೆರಡಕ್ಕೆ ತೊಡೆಯ ಮೇಲೆ ಕಾದ ಹೆಂಚು,
ಎರಡಕ್ಕೆ ಪರದೆ ಕಪ್ಪು.
ಸತ್ತಿಲ್ಲ, ಮುನಿಸಿಕೊಂಡಿದೆ, ಅಷ್ಟೆ.

ಏನೇನು ಮಾಡಲಿಲ್ಲ!
ಒದ್ದೆ ಬಟ್ಟೆ ಹೊದಿಸಿದೆ. ನೀರಿಳಿದು
ಏಳರ ಕೀಲಿ ಕೆಳಗೆ ಹೋದದ್ದು ಇವತ್ತಿಗೂ ಏಳುವುದಿಲ್ಲ.
ಲಸಿಕೆಯ ಪೆಟ್ಟಿಗೆಯಲ್ಲಿ ಕಾಲು ಗಂಟೆ ಇಟ್ಟುಕೊಳ್ಳಿ ಎಂದು
ದಾದಿಯ ಹತ್ತಿರ ಅಂಗಲಾಚಿದೆ.
'ದಡಾರದ ಮದ್ದಿಗೇ ಜಾಗವಿಲ್ಲ, ನಿನ್ನ ಡಬ್ಬಿಗೆಲ್ಲಿ' ಅಂದಳು.
ಒಳ್ಳೆಯದೇ ಆಯಿತು. ತಣ್ಣಗಿನದು ದಿಢೀರನೆ ಹೊರಬಂದರೆ
ಒಳಗೊಳಗೇ ಬೆವರುತ್ತದಂತೆ.

ಚಿಕ್ಕಮ್ಮ ಯಗಾನಾ ಉಪ್ಪಿನ ಗುಂಡಿಗಳ ಹೆಂಗಸು.
ಕಲಾಲಾದ ಉಪ್ಪುನೀರಿನಲ್ಲಿ ಮೊಣಕಾಲವರೆಗೆ ಇಳಿದು
ನಲವತ್ತು ವರ್ಷ ನಿಂತವಳು.
ಕಂಬಳಿಯ ಮೇಲೆ ಕೂತಿದ್ದುದನ್ನು ಎತ್ತಿ, ಮಗುಚಿ,
ರೊಟ್ಟಿ ಬೆಂದಿದೆಯೇ ಎಂದು ನೋಡುವಂತೆ ನೋಡಿದಳು.
'ಇದರ ಮೂಗು ಹೊಟ್ಟೆಯಲ್ಲಿದೆಯಲ್ಲೋ.
ಬಾಯಿ ಪಕ್ಕೆಯಲ್ಲಿ.
ಕಂಬಳಿಗೆ ಮೂಗು ಒತ್ತಿಟ್ಟು
ದುಡಿ ಅಂದರೆ ಯಾವುದು ದುಡಿದೀತು?'

ಒಂಬತ್ತು ತಿರುಪು ಬಿಚ್ಚಿದೆವು.
ಒಳಗೆ ತೆನೆರೆ, ಇಡೀ ಮರುಭೂಮಿ,
ಫ್ಯಾನಿನ ಬಾಯಿಗೆ ಕಂಬಳಿಯಾಗಿ ನೇಯ್ದುಕೊಂಡು ಕೂತಿತ್ತು.
ಮೇಕೆಕೂದಲ ಕುಂಚ, ಸೈಕಲ್ಲಿನ ಪಂಪು.
ಗಾಳಿ ಹೊಡೆಯುವಾಗ ರೆಕ್ಕೆ ಬುಗುರಿಯಾಗದಂತೆ
ಒಂದು ಜಾಲಿಮುಳ್ಳು ಸಿಕ್ಕಿಸಿದಳು ಚಿಕ್ಕಮ್ಮ.
ಯಾರು ಹೇಳಿಕೊಟ್ಟರೋ.
ಚಿಪ್ಪಿಗೂ ತಾಮ್ರಕ್ಕೂ ನಡುವಣ ಬೂದಿ ಬಣ್ಣದ ಲೇಪ
ಬತ್ತಿದ ಕೆರೆಯಂಗಳದಂತೆ ಬಿರಿದಿತ್ತು.
ಹೊಸದು ಅಗಾದೆಜ್‌ನಿಂದ ಬರಬೇಕು. ಬಂತು,
ಹತ್ತೊಂಬತ್ತು ದಿನಕ್ಕೆ, ಅಕ್ಕಿಕಾಳಿನಷ್ಟು ಸಾಕು ಎಂಬ ಚೀಟಿಯೊಂದಿಗೆ.

ಆಮೇಲೆ ಪರದೆಯ ಮೂಲೆಯಲ್ಲಿ
ಯಂತ್ರದ ಒಳಗಿನ ಕಾವು ತೋರಿಸುವ ಅಂಕಿಯೊಂದನ್ನು ಕೂರಿಸಿದೆ.
ಅದೇ ತಪ್ಪಾಯಿತು.
ಮೇ ತಿಂಗಳು, ಮೂರು ಗಂಟೆ, ಕಣ್ಣು ತೂಗುವ ಹೊತ್ತು.
ನಲವತ್ತಾರು ಬರೆಯಬೇಕಾದ ಕಡೆ
ಮೂಲೆಯ ಅಂಕಿ ಬರೆದೆ. ಪುಸ್ತಕದಲ್ಲೂ. ಯಂತ್ರದಲ್ಲೂ.
ಕಳಿಸಿದೆ.

ರಾಜಧಾನಿಯಿಂದ ಫೋನು:
'ಮಾಯ್ನಾ, ಬದುಕಿದ್ದೀಯೇನಪ್ಪಾ?
ಬಿಲ್ಮಾದಲ್ಲಿ ತೊಂಬತ್ತೊಂದಂತೆ!'
ಆ ಕಡೆ ಇಡೀ ಕಚೇರಿ ನಗುವುದು ಕೇಳಿಸಿತು.

ನಾಚಿಕೊಂಡು ಅಂಗಳಕ್ಕೆ ಬಂದೆ, ಮತ್ತೊಮ್ಮೆ ನೋಡಿ ಬರೆಯಲು.
ಉಷ್ಣಮಾಪಕದ ಪೆಟ್ಟಿಗೆ ನಿಂತಿತ್ತು.
ಬಿಳಿ ಬಣ್ಣ. ನಾಲ್ಕು ಕಾಲು. ಉತ್ತರಕ್ಕೆ ಬಾಗಿಲು.
ಓರೆ ಪಟ್ಟಿಗಳ ಗೋಡೆ:
ಗಾಳಿಗೆ ಬಾ ಅನ್ನುತ್ತದೆ, ಬಿಸಿಲಿಗೆ ಬೇಡ ಅನ್ನುತ್ತದೆ.
ಹನ್ನೊಂದು ವರ್ಷ, ದಿನಕ್ಕೆ ಐದು ಸಲ
ಇದೇ ಬಾಗಿಲು ತೆಗೆದು ಅಂಕಿ ಓದಿದ್ದೆ.
ಪೆಟ್ಟಿಗೆಯನ್ನು ಓದಿರಲಿಲ್ಲ.

ಈಗ ಯಂತ್ರಕ್ಕೂ ಒಂದು ಅಂಥದೇ ಮನೆ,
ಹಳೆಯ ಕಿಟಕಿಯ ಪಟ್ಟಿಗಳದು. ಅದರೊಳಗೆ
ಚಿಕ್ಕಮ್ಮ ಕೊಟ್ಟ ಎರಡು ಉಪ್ಪಿನಚ್ಚು,
ಖರ್ಜೂರದ ಕಾಂಡ ಕೊರೆದದ್ದು, ಕಾಲುಗಳಿಗೆ.
ಹೊಟ್ಟೆಯಡಿ ನಾಲ್ಕು ಬೆರಳು ಗಾಳಿ.
ಉದ್ದದ ಲೆಕ್ಕವೆಲ್ಲ ನಸುಕಿನಲ್ಲಿ;
ಮಧ್ಯಾಹ್ನ ಒಂದೇ ಅಂಕಿ ಕೇಳುತ್ತೇನೆ,
ಕೊಟ್ಟ ಕೂಡಲೇ ಮಲಗಿಸುತ್ತೇನೆ.

ತಪ್ಪನ್ನು ಅಳಿಸಬಾರದು,
ಒಂದೇ ಗೆರೆ ಎಳೆದು ಪಕ್ಕದಲ್ಲಿ ರುಜು: ಠಾಣೆಯ ನಿಯಮ.
ಆ ಪುಟದಲ್ಲಿ, ಮೂರು ಗಂಟೆಯ ಸಾಲಿನಲ್ಲಿ,
ಗೆರೆಯ ಕೆಳಗೆ ಇನ್ನೂ ಇದೆ ತೊಂಬತ್ತೊಂದು.

ಇವತ್ತು ಅರವತ್ತೆಂಟು.
ಅದಕ್ಕೆ ಪುಸ್ತಕದಲ್ಲಿ ಸಾಲಿಲ್ಲ.
ಸಂಜೆ ಉಪ್ಪು ತೊಳೆದುಕೊಂಡು ಬರುವ ಚಿಕ್ಕಮ್ಮನಿಗೆ
ಹೇಳುತ್ತೇನೆ, ಅಷ್ಟೆ.